ಒಂದೇ ಗೋಡೆ, ಮೂರು ಲೆಕ್ಕ

ಕುದುರೆ ಸಾರೋಟಿನ ಕಾಲದಲ್ಲಿ ಗಾಡಿ ಹೊಡೆಯುವವನ ಮುಂದೆ ಒಂದು ಅಡ್ಡಹಲಗೆ ಇರುತ್ತಿತ್ತು. ಗೊರಸಿನ ಹೊಡೆತಕ್ಕೆ ಸಿಡಿಯುವ ಕೆಸರು ಕುಳಿತವರ ಉಡುಪನ್ನು ಹಾಳುಮಾಡದಿರಲೆಂದು ಮಾಡಿದ ಏರ್ಪಾಡು ಅದು. ಇಂಗ್ಲಿಷರು ಅದನ್ನು ಡ್ಯಾಶ್‌ಬೋರ್ಡ್ ಎಂದು ಕರೆದರು. ಕುದುರೆ ಹೋಗಿ ಮೋಟಾರು ಬಂದಿತು. ವೇಗದ ಮುಳ್ಳು, ಪೆಟ್ರೋಲಿನ ಮುಳ್ಳುಗಳಿರುವ ಹಲಗೆಗೆ ಆ ಹೆಸರು ದೊರೆಯಿತು. ಈಗ ಕುದುರೆಯೂ ಇಲ್ಲದ, ಮೋಟಾರೂ ಇಲ್ಲದ ಕಚೇರಿಯ ಗೋಡೆಯ ಮೇಲಿನ ಪರದೆಗೂ ಅದೇ ಹೆಸರು. ಕೆಸರು ತಡೆಯಲು ಹುಟ್ಟಿದ ಹಲಗೆ, ಸರಿಯಾಗಿ ಹೂಡದಿದ್ದಲ್ಲಿ, ತಾನೇ ಕೆಸರು ಎರಚಬಲ್ಲದೆಂಬುದು ವಿನೋದವಾದರೂ ಸುಳ್ಳಲ್ಲ.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮಗನೋ ಸೊಸೆಯೋ ಊಟದ ನಡುವೆಯೇ ಫೋನಿನಲ್ಲಿ ‘ಜಿರಾ’ ಎನ್ನುವುದು ಕಿವಿಗೆ ಬೀಳುತ್ತದೆ. ಹಿರಿಯರಿಗೆ ಜೀರಿಗೆಯ ನೆನಪಾದರೆ ಅವರ ತಪ್ಪಲ್ಲ. ಇದು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿದ ಅಟ್ಲಾಸಿಯನ್ ಸಂಸ್ಥೆ 2002ರಲ್ಲಿ ಹೊರತಂದ ತಂತ್ರಾಂಶ. ಅದಕ್ಕೆ ಮುಂಚೆ ಆ ಸಂಸ್ಥೆಯವರು ಬಗ್‌ಜಿಲ್ಲಾ ಎಂಬ ಮತ್ತೊಂದನ್ನು ಬಳಸುತ್ತಿದ್ದರು. ಆ ಹೆಸರಿನಿಂದ ಚಲನಚಿತ್ರದ ಗಾಡ್‌ಜಿಲ್ಲಾ ರಾಕ್ಷಸ ನೆನಪಾದ. ಅವನ ಜಪಾನೀ ಹೆಸರು ಗೊಜಿರಾ. ಅದರ ತಲೆ ಕತ್ತರಿಸಿದರೆ ಉಳಿದದ್ದು ಜಿರಾ! ಮಾಡಬೇಕಾದ ಒಂದೊಂದು ಕೆಲಸಕ್ಕೂ ಇಲ್ಲಿ ಒಂದು ಟಿಕೆಟ್. ಯಾರ ಪಾಲಿನದು, ಎಲ್ಲಿಯವರೆಗೆ ಬಂದಿದೆ ಎಂಬುದೆಲ್ಲ ಅದರಲ್ಲಿ ದಾಖಲು. ನೂರಾರು ಟಿಕೆಟುಗಳನ್ನು ಒಟ್ಟಿಗೆ ನೋಡಲೆಂದು ಒಂದೇ ಪುಟದಲ್ಲಿ ವೃತ್ತಚಿತ್ರ, ಪಟ್ಟಿ, ಕೋಷ್ಟಕಗಳನ್ನು ಜೋಡಿಸುತ್ತಾರೆ. ಆ ಪುಟವೇ ಡ್ಯಾಶ್‌ಬೋರ್ಡ್. ಅದರೊಳಗಿನ ಒಂದೊಂದು ಚೌಕವೂ ಒಂದು ಗ್ಯಾಜೆಟ್.

ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಸೋಮವಾರದ ಬೆಳಿಗ್ಗೆ. ಶುಕ್ರವಾರದೊಳಗೆ ಮುಗಿಸಿಕೊಡುವುದಾಗಿ ಮಾತು ಕೊಟ್ಟಿರುವ ಕೆಲಸದಲ್ಲಿ ಒಟ್ಟು 48 ಟಿಕೆಟುಗಳು. ಗೋಡೆಯ ಮೇಲಿನ ವೃತ್ತಚಿತ್ರ ಉಳಿದದ್ದು 8 ಎನ್ನುತ್ತದೆ. ಅದರ ಮಗ್ಗುಲಿನ ‘ಬಗೆಹರಿಯದವು’ ಎಂಬ ಪಟ್ಟಿ 19 ಎನ್ನುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಗಿರಾಕಿ ಅದೇ ಪುಟವನ್ನು ತನ್ನ ಪರದೆಯಲ್ಲಿ ತೆರೆದರೆ ವೃತ್ತಚಿತ್ರ 5 ಎನ್ನುತ್ತದೆ. ಮೇಲಧಿಕಾರಿಯ ಕಣ್ಣಿಗೆ ಮೊದಲು ಬಿದ್ದದ್ದು 19. ಹೆಚ್ಚಾದ ಹನ್ನೊಂದೂ ಹೊಸದಾಗಿ ಸೇರಿದ ಒಬ್ಬ ಹುಡುಗಿಯ ಹೆಸರಿನಲ್ಲಿವೆ. “ಎಲ್ಲ ಮುಗಿಸಿದ್ದೇನೆ ಸಾರ್” ಎಂದು ಆಕೆ ಹೇಳುತ್ತಾಳೆ. ಪರದೆ ಹೇಳುವುದು ಬೇರೆ. ಪರದೆಯ ಮಾತಿಗೇ ಬೆಲೆ ಹೆಚ್ಚು.

ಆದರೆ ಆಕೆಯ ಮಾತು ನಿಜವಾಗಿರಬಹುದು. ಜಿರಾದಲ್ಲಿ ಟಿಕೆಟಿನ ‘ಸ್ಥಿತಿ’ ಬೇರೆ, ‘ಪರಿಹಾರ’ ಬೇರೆ. ಎರಡಕ್ಕೂ ಪ್ರತ್ಯೇಕ ಕಲಮುಗಳಿವೆ. ಸ್ಥಿತಿಯನ್ನು ‘ಮುಗಿಯಿತು’ ಎಂದು ಬದಲಾಯಿಸಿದರೂ ಪರಿಹಾರದ ಕಲಮು ಖಾಲಿ ಉಳಿದಿದ್ದರೆ, ಯಂತ್ರದ ದೃಷ್ಟಿಯಲ್ಲಿ ಆ ಟಿಕೆಟ್ ಇನ್ನೂ ಬಗೆಹರಿದಿಲ್ಲ. ವೃತ್ತಚಿತ್ರ ಎಣಿಸಿದ್ದು ಸ್ಥಿತಿಯನ್ನು, ಪಟ್ಟಿ ಎಣಿಸಿದ್ದು ಪರಿಹಾರವನ್ನು. ಸಾಲ ತೀರಿಸಿಯೂ ಸಾಹುಕಾರನ ಖಾತೆಯಲ್ಲಿ ‘ಚುಕ್ತಾ’ ಬರೆಸಿಕೊಳ್ಳದೆ ಬಂದವನ ಪಾಡು ಆ ಹುಡುಗಿಯದು. ಪರೀಕ್ಷಿಸುವ ಬಗೆ ಕಷ್ಟದ್ದೇನಲ್ಲ: ಪರಿಹಾರ ತುಂಬಿದ ಟಿಕೆಟಿನ ಸಂಖ್ಯೆಯ ಮೇಲೆ ಜಿರಾ ಒಂದು ಗೆರೆ ಎಳೆದು ತೋರಿಸುತ್ತದೆ. ಈ ಹನ್ನೊಂದರ ಮೇಲೆ ಗೆರೆ ಇಲ್ಲ. ಯಾರೂ ನೋಡಿಲ್ಲ, ಅಷ್ಟೆ.

ಗಿರಾಕಿಯ ಐದರ ಕಥೆ ಇನ್ನೊಂದು. ಜಿರಾ ಪ್ರತಿಯೊಬ್ಬರಿಗೂ ಅವರವರ ಅಧಿಕಾರದಲ್ಲಿರುವಷ್ಟನ್ನೇ ತೋರಿಸುತ್ತದೆ. ಹೊರಗಿನವರಿಗೆ ಮುಚ್ಚಿಟ್ಟ ಮೂರು ಟಿಕೆಟುಗಳು ಆತನ ಲೆಕ್ಕಕ್ಕೆ ಬರಲೇ ಇಲ್ಲ. ಇಷ್ಟು ಉಳಿದಿದೆಯೆಂದು ಬೆಂಗಳೂರಿನವರು ಹೇಳಿದರೆ ಆತನಿಗೆ ಅದು ನೆಪವಾಗಿ ಕಾಣುತ್ತದೆ. ‘ಇಂದು ಮುಗಿದದ್ದು’ ಎಂಬ ಗ್ಯಾಜೆಟಿನಲ್ಲಂತೂ ‘ಇಂದು’ ಎಂಬುದೇ ಒಂದಲ್ಲ. ನೋಡುವವರ ಖಾತೆಯಲ್ಲಿ ನಮೂದಾದ ಕಾಲವಲಯದಂತೆ ದಿನ ಆರಂಭವಾಗುತ್ತದೆ. ಎರಡೂ ಊರುಗಳಿಗೆ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರ.

ಹೀಗಿರುವಾಗ ಗ್ಯಾಜೆಟುಗಳನ್ನು ಹೊಂದಿಸುವುದೆಂದರೆ ಗಡಿಯಾರ ಹೊಂದಿಸುವುದಷ್ಟೇ ಅಲ್ಲ. ಹದಿನೈದು ನಿಮಿಷಕ್ಕೊಮ್ಮೆ ತಾನಾಗಿಯೇ ಹೊಸದಾಗುವಂತೆ ಗ್ಯಾಜೆಟಿಗೆ ಗುರುತು ಹಾಕಬಹುದು. ಹಲವರು ಅಲ್ಲಿಗೆ ಕೈತೊಳೆದುಕೊಳ್ಳುತ್ತಾರೆ. ತಪ್ಪು ಲೆಕ್ಕ ಹದಿನೈದು ನಿಮಿಷಕ್ಕೊಮ್ಮೆ ಹೊಸದಾಗಿ ತಪ್ಪಾಗುತ್ತದೆ! ಮೊದಲು ಬೇಕಾದದ್ದು ಒಂದೇ ಜರಡಿ. ಯಾವ ಟಿಕೆಟುಗಳು ಲೆಕ್ಕಕ್ಕೆ ಸೇರಬೇಕೆಂಬ ಶೋಧನೆಯನ್ನು ಒಂದು ಹೆಸರಿನಲ್ಲಿ ಉಳಿಸಿಟ್ಟು, ಎಲ್ಲ ಗ್ಯಾಜೆಟುಗಳನ್ನೂ ಅದಕ್ಕೇ ಕಟ್ಟಬೇಕು. ನಾಳೆ ಜರಡಿಯ ಕಣ್ಣು ಬದಲಾದರೆ ಎಲ್ಲ ಚಿತ್ರಗಳೂ ಒಟ್ಟಿಗೆ ಬದಲಾಗುತ್ತವೆ. ಡ್ಯಾಶ್‌ಬೋರ್ಡನ್ನು ಹಂಚಿಕೊಂಡು ಜರಡಿಯನ್ನು ಖಾಸಗಿಯಾಗಿ ಇಟ್ಟುಕೊಂಡರೆ ಉಳಿದವರಿಗೆ ಚಿತ್ರ ಕಾಣದು, ಅದನ್ನೂ ಹಂಚಬೇಕು. ‘ಮುಗಿಯಿತು’ ಎಂಬ ಹಂತಕ್ಕೆ ಟಿಕೆಟ್ ದಾಟಿದೊಡನೆ ಪರಿಹಾರದ ಕಲಮು ತಾನಾಗಿ ತುಂಬುವಂತೆಯೂ, ಕೆಲಸ ಮತ್ತೆ ತೆರೆದಾಗ ಅಳಿಯುವಂತೆಯೂ ಕಾರ್ಯಕ್ರಮದಲ್ಲಿಯೇ ವಿಧಿಸಬಹುದು. ಇದು ಒಬ್ಬ ನಿರ್ವಾಹಕನ ಅರ್ಧ ಗಂಟೆಯ ಕೆಲಸವಿರಬಹುದು. ಹಳೆಯ ಹನ್ನೊಂದನ್ನು ಮಾತ್ರ ಬೇರೆಯಾಗಿ ಸರಿಪಡಿಸಬೇಕು.

ಗೋಡೆಯ ಮೇಲಿನ ಅಂಕಿಗೆ ಇಷ್ಟೊಂದು ಮರುಳಾಗುವುದು ಜಿರಾದೊಂದಿಗೆ ಹುಟ್ಟಿದ ಚಾಳಿಯಲ್ಲ. ಚಿಲಿ ದೇಶದಲ್ಲಿ ಅಧ್ಯಕ್ಷ ಸಾಲ್ವದೋರ್ ಅಯೆಂದೆಯವರ ಸರ್ಕಾರ 1971ರಲ್ಲಿ ಬ್ರಿಟನ್ನಿನ ಸ್ಟಾಫರ್ಡ್ ಬಿಯರ್ ಅವರನ್ನು ಕರೆಸಿಕೊಂಡು ಸೈಬರ್‌ಸಿನ್ ಎಂಬ ಯೋಜನೆಯನ್ನು ಹೂಡಿತು. ಕಾರ್ಖಾನೆಗಳ ಉತ್ಪಾದನೆಯ ಅಂಕಿಗಳು ಟೆಲೆಕ್ಸ್ ಮೂಲಕ ರಾಜಧಾನಿ ಸಾಂತಿಯಾಗೋಗೆ ಬರತಕ್ಕದ್ದು. ಅಲ್ಲಿ ಷಟ್ಕೋನಾಕಾರದ ಒಂದು ಕೋಣೆ, ಏಳು ತಿರುಗುಕುರ್ಚಿಗಳು, ಕುರ್ಚಿಯ ಕೈಯಲ್ಲೇ ಗುಂಡಿಗಳು. ಒತ್ತಿದರೆ ಗೋಡೆಯ ಮೇಲೆ ನಕ್ಷೆಗಳು. ನೋಡಿದವರಿಗೆ ಗೋಡೆಯೇ ದೇಶವನ್ನು ಬಲ್ಲಂತೆ ತೋರುವ ಕೋಣೆ. ಆದರೆ ಆ ನಕ್ಷೆಗಳಲ್ಲಿ ಬಹುಪಾಲು ಚಿತ್ರಕಾರರು ಕೈಯಾರೆ ಬರೆದ ಸ್ಲೈಡುಗಳು! 1973ರ ಸೆಪ್ಟೆಂಬರ್ 11ರ ಸೈನಿಕ ಕ್ರಾಂತಿಯೊಂದಿಗೆ ಯೋಜನೆಯೂ ಮುಗಿಯಿತು.

ಬೆಂಗಳೂರಿನ ಗೋಡೆಯ ಹಿಂದೆಯೂ ಕೈಗಳೇ ಇವೆ. ಸಂಜೆ ಕಚೇರಿಯ ಬಸ್ಸಿಗೆ ಹೊತ್ತಾಯಿತೆಂದು ಟಿಕೆಟನ್ನು ಮುಂದಿನ ಹಂತಕ್ಕೆ ದಾಟಿಸದೆ ಎದ್ದುಹೋದವರುಂಟು. ಮುಗಿಯದುದನ್ನು ಮುಗಿಯಿತೆಂದು ದಾಟಿಸಿ ಹೋದವರೂ ಉಂಟು. ಅದನ್ನು ಹಿಡಿಯುವ ಜರಡಿ ಯಾವ ತಂತ್ರಾಂಶದಲ್ಲೂ ಇಲ್ಲ. ಆದರೆ ಹನ್ನೊಂದು ಟಿಕೆಟುಗಳ ಹುಡುಗಿ ಆ ಎರಡೂ ಗುಂಪಿಗೆ ಸೇರಿದವಳಲ್ಲ. ಕಲಮು ತುಂಬಿ ಹನ್ನೊಂದರ ಮೇಲೂ ಗೆರೆ ಬಿದ್ದರೆ ಪಟ್ಟಿಯೂ 8 ಎನ್ನುತ್ತದೆ, ವೃತ್ತಚಿತ್ರವೂ 8 ಎನ್ನುತ್ತದೆ. ಗಿರಾಕಿಗೆ ಮೂರನ್ನು ಮುಚ್ಚಿಟ್ಟ ಸಂಗತಿಯನ್ನು ಬಾಯಿಬಿಟ್ಟು ಹೇಳಬೇಕಾದವನು ಮೇಲಧಿಕಾರಿ. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನಗಳಿವೆ.