ಸರ್ವರ್ ನಿಂತರೂ ಬಡ್ಡಿ ನಿಲ್ಲುವುದಿಲ್ಲ



ಮೊನ್ನೆ ಬೆಳೆಸಾಲ ನವೀಕರಿಸಲು ಇ.ಸಿ. ಬೇಕೆಂದು ಕೆ.ಆರ್. ಪುರಕ್ಕೆ ಹೋಗಿದ್ದೆ. ಜಮೀನಿನ ಮೇಲೆ ಯಾವ ಕ್ರಯ, ಯಾವ ಅಡಮಾನ ನೋಂದಣಿಯಾಗಿದೆ ಎಂದು ತೋರಿಸುವ ಋಣಭಾರ ಪತ್ರ ಅದು. ಕಂಪ್ಯೂಟರ್ ಅಂಗಡಿಯ ಹುಡುಗ ಸರ್ವೆ ನಂಬರ್ ಹೊಡೆದ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು: "ಇದು ಸುಮ್ನೆ ನಿಧಾನ ಆಗಿಲ್ಲ ಕಣಪ್ಪ. ನಾವು ಏನು ತೆಗೀತೀವಿ ಅಂತ ಬಿಲ್ಡರ್ ಕಡೆಯೋರು ಯಾರೋ ನೋಡ್ತಾ ಅವ್ರೆ."

ಅವರ ಮಾತಿಗೆ ನಗಬೇಡಿ. ಹಲಸೂರು ದಾಟಿ ಬಂದ ಪಟ್ಟಣ ನಮ್ಮ ಹೊಲದ ಬದುವಿಗೆ ಬಂದು ನಿಂತಿದೆ. ಜಮೀನಿನ ಮೇಲೆ ಕಣ್ಣಿಟ್ಟವರು ಇದ್ದೇ ಇದ್ದಾರೆ. ಆದರೆ ಅಂಥವರಿಗೆ ನಮ್ಮ ಕೆಲಸ ನಿಧಾನ ಮಾಡುವ ಅಗತ್ಯವೇ ಇಲ್ಲ. 2000ದ ಹೊತ್ತಿಗೆ ಬಂದ ಭೂಮಿ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಇವತ್ತು ಸರ್ವೆ ನಂಬರ್ ಗೊತ್ತಿದ್ದ ಯಾರು ಬೇಕಾದರೂ ಮನೆಯಲ್ಲೇ ಕೂತು ನಿಮ್ಮ ಪಹಣಿ ನೋಡಬಹುದು.

ಹಾಗಾದರೆ ನಿಧಾನ ಯಾಕೆ? ಹೆಚ್ಚಿನ ಸಲ ಒಂದೇ ಹೊತ್ತಿಗೆ ಎಲ್ಲರೂ ನುಗ್ಗುವುದರಿಂದ, ಇಲ್ಲವೇ ಲೈನು ಕೆಟ್ಟಿರುವುದರಿಂದ. ಆದರೆ ಹೊರಗಿನ ಕೈ ನಿಜಕ್ಕೂ ಇದ್ದದ್ದೂ ಉಂಟು. 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದ ಮೇಲೆ ದಾಳಿಯಾಯಿತು. 62 ಇಮೇಲ್ ಖಾತೆಗಳಿಂದ ಎರಡೇ ಗಂಟೆಯಲ್ಲಿ 6.2 ಲಕ್ಷ ಕೋರಿಕೆ ಸುರಿದರು. ಕೇಳಿದ್ದೂ ಇದೇ ಇ.ಸಿ. ಹುಡುಕಾಟವನ್ನೇ! ಸಂತೆಯ ಬಾಗಿಲಿಗೆ ಗಿರಾಕಿಯಲ್ಲದವರು ಅಡ್ಡ ನಿಂತ ಹಾಗೆ. ಅದು ನಮ್ಮನ್ನು ಇಣುಕಿ ನೋಡುವ ಕೆಲಸವಲ್ಲ, ದಾರಿ ಕಟ್ಟುವ ಕೆಲಸ. ಪೊಲೀಸರಿಗೆ ದೂರು ಹೋಯಿತು.

ನಿಜವಾದ ಕಳ್ಳ ಸದ್ದು ಮಾಡುವುದಿಲ್ಲ. 2023ರಲ್ಲಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬಯಲಾದವು. ಹಣ ಹೋದವರಿಗೆ ಯಾವ ಚಕ್ರವೂ ತಿರುಗಿ ಎಚ್ಚರಿಸಲಿಲ್ಲ. ಆದ್ದರಿಂದ ಆಧಾರ್‌ನ ಬೆರಳಚ್ಚಿಗೆ ಇವತ್ತೇ ಬೀಗ ಹಾಕಿಸಿ. ಬೇಕಾದಾಗ ತೆರೆಸಬಹುದು.

ಇನ್ನು ನಮ್ಮ ನಷ್ಟದ ಮಾತು. ಹಳೆಯ ಸಾಲ ತೀರಿಸಲು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಸಾಲ ತಂದು ಕಟ್ಟಿದ್ದೆ. ಹೊಸ ಸಾಲ ಕೈಗೆ ಬರುವವರೆಗೂ ಆ ಬಡ್ಡಿ ಓಡುತ್ತದೆ. ನಿಮ್ಮಲ್ಲೂ ಎಷ್ಟೋ ಜನರ ಕಥೆ ಇದೇ ಅಲ್ಲವೇ? ಸರ್ಕಾರದ ಸರ್ವರ್ ನಿಲ್ಲುತ್ತದೆ, ಬಡ್ಡಿಯ ಸರ್ವರ್ ಯಾವತ್ತಾದರೂ ನಿಂತಿದೆಯೇ?

ಯಾರು ನೋಡುತ್ತಿದ್ದಾರೆ ಎಂದು ಪಿಸುಗುಟ್ಟಿದರೆ ಅಧಿಕಾರಿಗಳಿಗೆ ಒಳ್ಳೆಯದೇ. ಉತ್ತರ ಕೊಡುವ ಕಷ್ಟ ತಪ್ಪಿತು. ಅದನ್ನು ಬಿಟ್ಟು ಲೆಕ್ಕ ಕೇಳೋಣ. ಸರ್ವರ್ ಇಲ್ಲವೆಂದರೆ ತಾರೀಖು, ಹೊತ್ತು ಕಾಣುವಂತೆ ಪರದೆಯ ಫೋಟೋ ತೆಗೆಸಿ. ಅರ್ಜಿಯ ಜೊತೆ ಸೊಸೈಟಿಗೋ ಬ್ಯಾಂಕಿಗೋ ಕೊಟ್ಟು ಸ್ವೀಕೃತಿ ಪಡೆಯಿರಿ. ಯಂತ್ರ ಕೆಟ್ಟ ದಿನಗಳನ್ನು ಸಾಲದ ಗಡುವಿಗೆ ಸೇರಿಸಲಿ. ಇ.ಸಿ. ಆಮೇಲೆ ತರುತ್ತೇವೆಂದು ಬರೆಸಿಕೊಂಡು ಸಾಲ ಕೊಡಲಿ.

ಯಂತ್ರ ಅವರದು, ದಂಡ ನಮಗೆ! ಇದನ್ನು ಒಪ್ಪಬೇಡಿ.