ಹಣೆಯ ಬೂದಿ, ತೊಳೆದ ಮುಖ

ಶಿವರಾತ್ರಿಯ ಹೊತ್ತಿಗೆ ಚಳಿಯು ‘ಶಿವಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬುದು ಕನ್ನಡ ನಾಡಿನ ಹಳೆಯ ಮಾತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ರೈಸ್ತರ ಮನೆಗಳಲ್ಲಿಯೂ ಒಂದು ದೀರ್ಘ ವ್ರತ ಆರಂಭವಾಗುತ್ತದೆ. ಕನ್ನಡದ ಕಥೋಲಿಕರು ಅದನ್ನು ‘ತಪಸ್ಸುಕಾಲ’ ಎನ್ನುತ್ತಾರೆ. ಅದರ ಮೊದಲ ದಿನವನ್ನು ‘ವಿಭೂತಿ ಬುಧವಾರ’ ಎನ್ನುತ್ತಾರೆ. ಎರಡೂ ಹೆಸರುಗಳು ಈ ಮಣ್ಣಿನವೇ. 2026ರ ಪಂಚಾಂಗದಲ್ಲಿ ಶಿವರಾತ್ರಿ ಫೆಬ್ರುವರಿ 15ರಂದು, ವಿಭೂತಿ ಬುಧವಾರ 18ರಂದು. ಈ ಸಾಮೀಪ್ಯ ಕೇವಲ ಆಕಸ್ಮಿಕವಲ್ಲ. ಎರಡಕ್ಕೂ ಚಂದ್ರನೇ ಗಡಿಯಾರ. ಮಾರ್ಚ್ 21ರಂದು ಅಥವಾ ಅನಂತರ ಬರುವ ಹುಣ್ಣಿಮೆಯನ್ನು ಹಿಡಿದು, ಅದರ ಮುಂದಿನ ಭಾನುವಾರವನ್ನು ಈಸ್ಟರ್ ಎಂದು ಗೊತ್ತುಮಾಡಿ, ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ ದೊರೆಯುತ್ತದೆ. ನಡುವಿನ ಆರು ಭಾನುವಾರಗಳನ್ನು ಬಿಟ್ಟರೆ ಉಳಿಯುವುದು 40 ದಿನ. ಯೇಸುಸ್ವಾಮಿ ಅರಣ್ಯದಲ್ಲಿ ಉಪವಾಸವಿದ್ದ ದಿನಗಳ ಲೆಕ್ಕ ಅದು.

ಆ ಬುಧವಾರದ ಬೆಳಗ್ಗೆ ಬೆಂಗಳೂರಿನ ಯಾವುದಾದರೊಂದು ಧರ್ಮಕೇಂದ್ರದ ದೇವಾಲಯಕ್ಕೆ ಹೋದವರಿಗೆ ಮೊದಲು ಕಣ್ಣಿಗೆ ಬೀಳುವುದು ಏನಿಲ್ಲ ಎಂಬುದು. ಪೀಠದ ಮೇಲೆ ಹೂವಿಲ್ಲ. ಪೂಜೆಯಲ್ಲಿ ‘ಅಲ್ಲೆಲೂಯ’ ಎಂಬ ಹರ್ಷದ ಉದ್ಗಾರವಿಲ್ಲ. ಇನ್ನು ಈಸ್ಟರ್ ಜಾಗರಣೆಯ ರಾತ್ರಿಯವರೆಗೆ ಅದು ಕೇಳಿಬರುವುದಿಲ್ಲ. ಗುರುಗಳು ತೊಟ್ಟಿರುವುದು ನೇರಳೆ ಬಣ್ಣದ ಪೂಜಾವಸ್ತ್ರ. ಪ್ರಬೋಧನೆ ಮುಗಿದೊಡನೆ ಜನ ಸಾಲುಗಟ್ಟುತ್ತಾರೆ. ಕಚೇರಿಗೆ ಹೊರಟ ಗುಮಾಸ್ತ, ಶಾಲೆಯ ಸಮವಸ್ತ್ರದ ಮಕ್ಕಳು, ಕೋಲೂರಿದ ವೃದ್ಧೆ, ಕಾರಿನಲ್ಲಿ ಬಂದಿಳಿದ ವರ್ತಕ, ಅವನ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು, ಎಲ್ಲರೂ ಒಂದೇ ಸಾಲಿನಲ್ಲಿ. ಗುರುಗಳು ಹೆಬ್ಬೆರಳಿನಿಂದ ಬೂದಿ ತೆಗೆದು ಒಬ್ಬೊಬ್ಬರ ಹಣೆಯ ಮೇಲೂ ಶಿಲುಬೆಯ ಗುರುತೆಳೆದು, ಮಾನವನು ಮಣ್ಣಿನಿಂದ ಬಂದವನು, ಮಣ್ಣಿಗೆ ಮರಳುವವನು ಎಂದು ನೆನಪಿಸುತ್ತಾರೆ. ಇಲ್ಲವೆ ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬುವಂತೆ ಕರೆಕೊಡುತ್ತಾರೆ. ಹಿಂದೆ ಲ್ಯಾಟಿನ್ ಭಾಷೆಯಲ್ಲಿ ಕೇಳಿಬರುತ್ತಿದ್ದ ಆ ಮಾತು, ಎರಡನೆಯ ವ್ಯಾಟಿಕನ್ ಮಹಾಸಭೆಯ (1962-65) ತರುವಾಯ ತಿಳಿಗನ್ನಡದಲ್ಲಿ ಕಿವಿಗೆ ಬೀಳುತ್ತದೆ. ಆ ಬೂದಿಯಾದರೂ ಎಲ್ಲಿಯದು? ಹಿಂದಿನ ವರ್ಷ ಗರಿಗಳ ಭಾನುವಾರದಂದು ಜಯಘೋಷ ಮಾಡುತ್ತ ಹಿಡಿದ ಗರಿಗಳನ್ನೇ ಸುಟ್ಟು ಮಾಡಿದ್ದು.

ಇಲ್ಲಿಯೇ ಒಂದು ಸೋಜಿಗವಿದೆ. ಬೂದಿ ಹಚ್ಚುವುದಕ್ಕೆ ಸ್ವಲ್ಪ ಮುಂಚೆ ಓದುವ ಶುಭಸಂದೇಶದ ಪಾಠ, ಮತ್ತಾಯನು ಬರೆದುದರ 6ನೆಯ ಅಧ್ಯಾಯದ್ದು. ದಾನ, ಪ್ರಾರ್ಥನೆ, ಉಪವಾಸ ಈ ಮೂರನ್ನೂ ಜನರ ಕಣ್ಣಿಗೆ ಬೀಳದಂತೆ ಮಾಡಬೇಕೆಂದು ಅಲ್ಲಿ ಯೇಸುಸ್ವಾಮಿ ಬೋಧಿಸುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಕನ್ನಡದಲ್ಲಿ ಗಾದೆಯಂತೆ ಆಡುವ ಮಾತು ಆ ಅಧ್ಯಾಯದಲ್ಲಿಯೇ ಇದೆ. ಪ್ರಾರ್ಥಿಸುವವನು ಒಳಕೋಣೆಯನ್ನು ಹೊಕ್ಕು ಬಾಗಿಲು ಹಾಕಿಕೊಳ್ಳಬೇಕು. ಉಪವಾಸವಿದ್ದವನು ಜೋಲುಮೋರೆ ಹಾಕದೆ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕು. ಇದನ್ನು ಕೇಳಿ ಮುಗಿಸಿದ ಜನರೇ ಮರುಗಳಿಗೆಯಲ್ಲಿ ಎದ್ದು ಹೋಗಿ ಹಣೆಗೆ ಬೂದಿ ಹಚ್ಚಿಸಿಕೊಂಡು, ಅದೇ ಗುರುತಿನೊಡನೆ ಬಸ್ಸು ಹತ್ತುತ್ತಾರೆ. ಮುಖ ತೊಳೆಯಬೇಕೆಂಬ ಉಪದೇಶಕ್ಕೂ ಮುಖಕ್ಕೆ ಮಸಿ ಬಳಿದುಕೊಳ್ಳುವ ಆಚಾರಕ್ಕೂ ಸಂಬಂಧವೇನು?

ಈ ಪ್ರಶ್ನೆ ದೊಡ್ಡವರಿಗಿಂತ ಮೊದಲು ಮಕ್ಕಳಿಗೆ ಹೊಳೆಯುವುದು ಸ್ವಾಭಾವಿಕ. “ಅಜ್ಜಿ, ಮುಖ ತೊಳೆದುಕೋ ಅಂತ ಪಾಠದಲ್ಲಿ ಓದಿದರಲ್ಲ, ಇದನ್ನು ತೊಳೆದುಬಿಡಲೆ?” ಎಂದು ಮೊಮ್ಮಗ ಕೇಳಿದರೆ, “ಸಂಜೆಯವರೆಗೆ ಇರಲಿ ಮಗು” ಎಂದು ಅಜ್ಜಿ ಹೇಳಬಹುದು. ಅಜ್ಜಿಯ ಮಾತು ರೂಢಿಯದು. ಬೂದಿಯನ್ನು ಇಂತಿಷ್ಟು ಹೊತ್ತು ಇರಿಸಿಕೊಳ್ಳಬೇಕೆಂದು ಧರ್ಮಸಭೆ ವಿಧಿಸಿಲ್ಲ. ಬೂದಿಯನ್ನು ಹಣೆಗೆ ಹಚ್ಚುವ ಬದಲು ನೆತ್ತಿಯ ಮೇಲೆ ಉದುರಿಸುವ ಪದ್ಧತಿ ಯೂರೋಪಿನ ಕೆಲವೆಡೆ ಇದೆ. ಸಾಂಕ್ರಾಮಿಕದ ಭೀತಿಯಿದ್ದ 2021ರಲ್ಲಿ, ಗುರುಗಳು ಮೂಗುಬಾಯಿ ಮುಚ್ಚಿಕೊಂಡು, ಸೂತ್ರವಾಕ್ಯವನ್ನು ಎಲ್ಲರಿಗೂ ಸೇರಿ ಒಮ್ಮೆ ಹೇಳಿ, ಮೌನವಾಗಿ ತಲೆಯ ಮೇಲೆ ಬೂದಿ ಉದುರಿಸಬೇಕೆಂದು ವ್ಯಾಟಿಕನ್ ಸೂಚಿಸಿತು. ಹಾಗೆ ಉದುರಿಸಿದ ಬೂದಿ ಮನೆ ಸೇರುವ ಮೊದಲೇ ಗಾಳಿಯ ಪಾಲು. ಆದುದರಿಂದ ಬೂದಿಯ ಅರ್ಥವನ್ನು ಹುಡುಕಬೇಕಾದದ್ದು ಅದರ ಇತಿಹಾಸದಲ್ಲಿ.

ಕ್ರೈಸ್ತ ಧರ್ಮದ ಆದಿ ಶತಮಾನಗಳಲ್ಲಿ ಬೂದಿ ಎಲ್ಲರ ಸೊತ್ತಾಗಿರಲಿಲ್ಲ. ಕೊಲೆ, ವ್ಯಭಿಚಾರ, ಧರ್ಮತ್ಯಾಗಗಳಂತಹ ಘೋರ ಪಾಪಗಳನ್ನು ಮಾಡಿ ಸಮಾಜದಿಂದ ಹೊರಗಾದವರು ಮರಳಿ ಬರಬಯಸಿದರೆ, ಎಲ್ಲರ ಕಣ್ಣೆದುರಿಗೆ ಪ್ರಾಯಶ್ಚಿತ್ತ ಮಾಡಬೇಕಾಗಿತ್ತು. ಒರಟು ಬಟ್ಟೆ, ತಲೆಯ ಮೇಲೆ ಬೂದಿ, ಪೂಜೆಯ ಪ್ರಸಾದದಿಂದ ದೂರ. ಇದು ಪಶ್ಚಾತ್ತಾಪಿಗಳ ಪಂಗಡ. ರೋಮ್ ನಗರದಲ್ಲಿ ಈಸ್ಟರ್‌ಗೆ ಮುಂಚಿನ ಗುರುವಾರ ಅವರನ್ನು ಮತ್ತೆ ಒಳಗೆ ಬರಮಾಡಿಕೊಳ್ಳುತ್ತಿದ್ದರು. ಕಾಲಕ್ರಮದಲ್ಲಿ ಈ ಬಹಿರಂಗ ಪ್ರಾಯಶ್ಚಿತ್ತ ಕ್ಷೀಣಿಸಿತು. ಪದ್ಧತಿ ಅಳಿದಾಗ ಬೂದಿಯೂ ಅಳಿಯಬೇಕಾಗಿತ್ತು. ಆದರೆ ನಡೆದದ್ದು ಬೇರೆ. ಆ ಪಂಗಡದವರು ನಿಲ್ಲುತ್ತಿದ್ದ ಸಾಲಿನಲ್ಲಿ ಇಡೀ ಸಭೆಯೇ ಬಂದು ನಿಂತಿತು. ಗುರುಗಳೂ ಗೃಹಸ್ಥರೂ ಸ್ತ್ರೀಯರೂ ಒಟ್ಟಾಗಿ ಬೂದಿಗೆ ತಲೆಯೊಡ್ಡಿದರು. 1091ರಲ್ಲಿ ಬೆನೆವೆಂಟೊ ನಗರದಲ್ಲಿ ಸೇರಿದ ಧರ್ಮಸಭೆ, ಎರಡನೆಯ ಅರ್ಬನ್ ಪೋಪರ ಕಾಲದಲ್ಲಿ, ಈ ಆಚಾರವನ್ನು ಎಲ್ಲರಿಗೂ ವಿಹಿತವೆಂದು ಸಾರಿತು.

ಸೋಜಿಗದ ಗಂಟು ಇಲ್ಲಿ ಸಡಿಲವಾಗುತ್ತದೆ. ಹಣೆಯ ಬೂದಿ ಪುಣ್ಯದ ಬಿರುದಲ್ಲ, ತಪ್ಪಿತಸ್ಥನ ಗುರುತು. ಅದನ್ನು ಧರಿಸಿದವನು ತಾನು ಭಕ್ತನೆಂದು ಸಾರುತ್ತಿಲ್ಲ. ತನ್ನಲ್ಲಿ ದೋಷವುಂಟೆಂದು ಒಪ್ಪಿಕೊಳ್ಳುತ್ತಿದ್ದಾನೆ. ದೋಷವನ್ನು ಬೀದಿಯಲ್ಲಿ ಒಪ್ಪಿಕೊ, ಗುಣವನ್ನು ಗುಟ್ಟಾಗಿಡು: ಪಾಠವನ್ನೂ ಆಚಾರವನ್ನೂ ಒಟ್ಟಿಗೆ ಓದಿದರೆ ದೊರೆಯುವ ವಿಧಿ ಇಷ್ಟೆ. ಲೋಕದ ನಡೆ ಇದಕ್ಕೆ ತೀರ ವಿರುದ್ಧವಲ್ಲವೆ? ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದೂ, ತಪ್ಪುಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯುವುದೂ ಎಲ್ಲ ಮತದವರಿಗೂ ಅಭ್ಯಾಸವಾದ ಸಂಗತಿ. ತೋರಿಕೆಯ ಭಕ್ತಿಯನ್ನು ವಚನಕಾರರೂ ಹರಿದಾಸರೂ ಅಷ್ಟು ಕಟುವಾಗಿ ಖಂಡಿಸಿದ ನಾಡಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ದೋಷದ ಒಪ್ಪಿಗೆಗೂ ಒಂದು ಮರ್ಯಾದೆಯುಂಟು. ತಪ್ಪುಂಟು ಎಂಬುದು ಊರಿಗೆಲ್ಲ ತಿಳಿಯಬಹುದು. ಯಾವ ತಪ್ಪು ಎಂಬುದು ಪಾಪನಿವೇದನೆಯಲ್ಲಿ ಗುರುಗಳ ಕಿವಿಯನ್ನು ಮಾತ್ರ ಸೇರುತ್ತದೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಕೇಳಿದ್ದನ್ನು ಹೊರಗೆಡಹುವ ಗುರುವಿಗೆ ಕಠಿಣ ಶಿಕ್ಷೆಯನ್ನೂ ಗೊತ್ತುಮಾಡಿತು. ತಪಸ್ಸುಕಾಲದ ಕೊನೆಯ ವಾರಗಳಲ್ಲಿ ಧರ್ಮಕೇಂದ್ರಗಳಲ್ಲಿ ಪಾಪನಿವೇದನೆಯ ಸಾಲು ಉದ್ದವಾಗುತ್ತದೆ. ಆ ಸಾಲಿನಲ್ಲಿ ನಿಂತ ತಂದೆಯನ್ನು ಮಗ ನೋಡುತ್ತಾನೆ. ತಂದೆ ಏನು ಹೇಳಿದನೆಂಬುದು ಅವನಿಗೆ ಎಂದಿಗೂ ತಿಳಿಯದು. ಹೇಳಲು ತಂದೆಗೂ ಏನೋ ಉಂಟು ಎಂಬುದಷ್ಟು ತಿಳಿಯುತ್ತದೆ. ಒಬ್ಬ ಹುಡುಗನಿಗೆ ಅದು ಸಣ್ಣ ಶಿಕ್ಷಣವಲ್ಲ.

ಇನ್ನು ಗುಟ್ಟಾಗಿ ನಡೆಯಬೇಕಾದವು. ಉಪವಾಸದ ನಿಯಮ ಇಂದು ಬಹಳ ಹಗುರ. ಪೋಪ್ ಆರನೆಯ ಪೌಲರು 1966ರಲ್ಲಿ ಹಳೆಯ ಕಟ್ಟಳೆಗಳನ್ನು ಸಡಿಲಿಸಿದ ಮೇಲೆ, ಕಡ್ಡಾಯ ಉಪವಾಸ ಉಳಿದಿರುವುದು ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲಿ ಒಂದು ಹೊತ್ತು ಪೂರ್ಣ ಊಟ, ಉಳಿದೆರಡು ಹೊತ್ತು ಅಲ್ಪಾಹಾರ. 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ ಈ ವಿಧಿ. ಏಕಾದಶಿಯಂದು ನೀರನ್ನೂ ಮುಟ್ಟದ ಮಾಧ್ವರ ಮನೆಯ ಅಜ್ಜಿಗೆ ಇದು ಉಪವಾಸವೇ ಅನ್ನಿಸಲಿಕ್ಕಿಲ್ಲ. ಆದರೆ ವಿಧಿ ಹಗುರವಾದಷ್ಟೂ ಹೊಣೆ ಮನೆಯವರ ಹೆಗಲಿಗೆ ಬಂದಿದೆ. ಒಬ್ಬನು ಸಿಗರೇಟು ಬಿಡುತ್ತಾನೆ. ಮಗಳು ಮಿಠಾಯಿ ಬಿಡುತ್ತಾಳೆ. ಇನ್ನೊಬ್ಬನು ಮೊಬೈಲನ್ನು ರಾತ್ರಿಯ ಹೊತ್ತು ಮುಟ್ಟುವುದಿಲ್ಲ. ಇದರ ಜೊತೆಗೇ ಜಾಣತನವೂ ಬೆಳೆಯುತ್ತದೆ. ಶುಕ್ರವಾರ ಮಾಂಸ ವರ್ಜ್ಯವೆಂದು ದುಬಾರಿ ಮೀನು ತಂದು ಹುರಿಯುವ ಮನೆ ಅಕ್ಷರವನ್ನು ಉಳಿಸಿಕೊಂಡು ಅರ್ಥವನ್ನು ಕಳೆದುಕೊಳ್ಳುತ್ತದೆ.

ಆ ಅರ್ಥವೇನೆಂಬುದನ್ನು ವಿಭೂತಿ ಬುಧವಾರದ ಎರಡನೆಯ ದಿನವೇ, ಶುಕ್ರವಾರದ ಪೂಜೆಯಲ್ಲಿ, ಪ್ರವಾದಿ ಯೆಶಾಯನ 58ನೆಯ ಅಧ್ಯಾಯವನ್ನು ಓದಿ ನೆನಪಿಸುತ್ತಾರೆ. ಉಪವಾಸವಿದ್ದೇ ಆಳುಗಳನ್ನು ದುಡಿಸಿ ಹಣ್ಣುಮಾಡುವವರನ್ನು ಪ್ರವಾದಿ ಗದರಿಸುತ್ತಾನೆ. ಹಸಿದವನೊಡನೆ ಅನ್ನ ಹಂಚಿಕೊಳ್ಳುವುದೇ ದೇವರು ಮೆಚ್ಚುವ ವ್ರತವೆನ್ನುತ್ತಾನೆ. ಐದನೆಯ ಶತಮಾನದಲ್ಲಿ ರೋಮಿನ ಪೋಪರಾಗಿದ್ದ ಮಹಾ ಲಿಯೋ ಅವರು ತಪಸ್ಸುಕಾಲದ ಪ್ರಬೋಧನೆಗಳಲ್ಲಿ ಇದನ್ನೇ ಲೆಕ್ಕದ ಭಾಷೆಯಲ್ಲಿ ವಿವರಿಸಿದರು. ಉಳ್ಳವನು ತನ್ನ ಎಲೆಯಿಂದ ಕಡಿಮೆ ಮಾಡಿದ್ದು ಇಲ್ಲದವನ ಎಲೆಗೆ ಸೇರಬೇಕು. ಇಲ್ಲದಿದ್ದರೆ ಅದು ಬರಿಯ ಮಿತವ್ಯಯ. ಪಾತ್ರೆ ತೊಳೆಯುವ ಆ ಹೆಂಗಸಿಗೆ ವಾರದಲ್ಲಿ ಎಷ್ಟು ಹೊತ್ತು ಕ್ಯಾಲೆಂಡರಿನಲ್ಲಿ ಕಾಣಿಸದ ಉಪವಾಸವೋ! ಅವಳ ಕೂಲಿಯನ್ನು ತಡೆಹಿಡಿದ ಯಜಮಾನನು ನಲವತ್ತು ದಿನ ಸಪ್ಪೆ ಊಟ ಮಾಡಿದರೂ, ಯೆಶಾಯನ ತಕ್ಕಡಿಯಲ್ಲಿ ಅದಕ್ಕೆ ತೂಕವಿಲ್ಲ.

ಶುಕ್ರವಾರದ ಸಂಜೆಗಳದು ಶಿಲುಬೆ ಹಾದಿ. ದೇವಾಲಯದ ಗೋಡೆಗಳ ಮೇಲೆ ಯೇಸುವಿನ ಕೊನೆಯ ಯಾತ್ರೆಯ ಹದಿನಾಲ್ಕು ಚಿತ್ರಗಳು. 1731ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರು ಸ್ಥಿರಪಡಿಸಿದ ಸಂಖ್ಯೆ ಅದು. ಜನ ಒಂದೊಂದು ಚಿತ್ರದ ಮುಂದೆಯೂ ಮಂಡಿಯೂರಿ ಮುಂದಕ್ಕೆ ಸಾಗುತ್ತಾರೆ. ಐದನೆಯ ಚಿತ್ರದಲ್ಲಿ ಸಿರೇನ್ ಪಟ್ಟಣದ ಸಿಮೋನನಿದ್ದಾನೆ. ಅವನು ಭಕ್ತನಾಗಿ ಬಂದವನಲ್ಲ. ಹೊಲದಿಂದ ಮನೆಗೆ ಹೋಗುತ್ತಿದ್ದವನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸಿದರು. ಅವನು ಏನೆಂದನೆಂಬುದನ್ನು ಶುಭಸಂದೇಶಗಳು ಹೇಳುವುದಿಲ್ಲ. ಹೊತ್ತನು, ಅಷ್ಟೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಗೂ, ಅಣ್ಣನ ಸಾಲವನ್ನು ತಾನು ತೀರಿಸುವ ತಮ್ಮನಿಗೂ, ಹದಿನಾಲ್ಕರಲ್ಲಿ ಹೆಚ್ಚು ಹತ್ತಿರದವನು ಈ ಮಾತಿಲ್ಲದ ರೈತನೇ ಇರಬೇಕು. ಅವರ ತಪಸ್ಸಿಗೆ ಯಾವ ಬಣ್ಣದ ವಸ್ತ್ರವೂ ಇಲ್ಲ.

ಒಳಕೋಣೆಯನ್ನು ಹೊಕ್ಕು ಬಾಗಿಲು ಹಾಕಿಕೊ ಎಂಬ ಮಾತು ಒಂದು ವರ್ಷ ಅಕ್ಷರಶಃ ನಡೆದುಹೋಯಿತು. 2020ರ ಫೆಬ್ರುವರಿ 26ರಂದು ಹಣೆಗೆ ಬೂದಿ ಹಚ್ಚಿಸಿಕೊಂಡವರು ಮಾರ್ಚ್ 25ರ ಹೊತ್ತಿಗೆ ಮನೆಯೊಳಗೆ ಬಂದಿಗಳಾಗಿದ್ದರು. ಆ ವರ್ಷದ ಶುಭ ಶುಕ್ರವಾರ, ಏಪ್ರಿಲ್ 10ರಂದು, ದೇವಾಲಯಗಳ ಬಾಗಿಲು ಮುಚ್ಚಿದ್ದವು. ಮೆರವಣಿಗೆಯಿಲ್ಲ, ಹಾಡಿಲ್ಲ, ನೋಡುವವರಿಲ್ಲ. ನೋಡುವವರಿಲ್ಲದಾಗ ಎಷ್ಟು ಪ್ರಾರ್ಥನೆ ಉಳಿಯಿತು ಎಂಬುದು ಅವರವರಿಗೇ ಗೊತ್ತು. ಮತ್ತಾಯನ 6ನೆಯ ಅಧ್ಯಾಯ ಕೇಳುವುದೂ ಅದನ್ನೇ. ಒಟ್ಟಾಗಿ ಸೇರುವುದರ ಬೆಲೆಯನ್ನೂ ಅದೇ ಬಾಗಿಲು ಕಲಿಸಿತು. ತಪಸ್ಸು ಒಳಗಿನದು, ಒಬ್ಬೊಬ್ಬರದು ಮಾತ್ರವಾಗದೆ ಹೊರಗಿನದೂ ಸಮಾಜದ್ದೂ ಆಗಬೇಕೆಂದು ವ್ಯಾಟಿಕನ್ ಮಹಾಸಭೆ 1963ರಲ್ಲಿಯೇ ಹೇಳಿತ್ತು. ಒಳಕೋಣೆಯೂ ಬೇಕು, ಸಾಲೂ ಬೇಕು.

ಪವಿತ್ರ ಗುರುವಾರದ ಸಂಜೆ ಗುರುಗಳು ಸೊಂಟಕ್ಕೆ ವಸ್ತ್ರ ಬಿಗಿದು ಕೆಲವರ ಪಾದ ತೊಳೆಯುತ್ತಾರೆ. ಮೊದಲು ಪುರುಷರನ್ನಷ್ಟೇ ಕೂರಿಸುತ್ತಿದ್ದರು. 2016ರಲ್ಲಿ ಪೋಪ್ ಫ್ರಾನ್ಸಿಸರ ಕಾಲದಲ್ಲಿ ಬಂದ ಆಜ್ಞೆಯಿಂದ ಸ್ತ್ರೀಯರಿಗೂ ಅವಕಾಶವಾಯಿತು. ಆ ಪೂಜೆಯಿಂದ ಮುಂದೆ ಜಾಗರಣೆಯ ರಾತ್ರಿಯವರೆಗೆ ಗಂಟೆಗಳೂ ಮೌನ ಧರಿಸುತ್ತವೆ.

ತಪಸ್ಸುಕಾಲದ ಮೊದಲಲ್ಲಿ ಅನೇಕ ಧರ್ಮಕೇಂದ್ರಗಳು ಮನೆಮನೆಗೆ ಒಂದು ರಟ್ಟಿನ ಡಬ್ಬಿಯನ್ನೋ ಲಕೋಟೆಯನ್ನೋ ಕೊಡುವ ವಾಡಿಕೆಯುಂಟು. ಬಿಟ್ಟ ಸಿಗರೇಟಿನ ಹಣ, ತಿನ್ನದ ಮಿಠಾಯಿಯ ಹಣ, ಉಳಿಸಿದ ಊಟದ ಹಣ ಅದರೊಳಗೆ ಬೀಳಬೇಕು. ಅದು ರೋಗಿಗಳಿಗೂ ಹಸಿದವರಿಗೂ ಸೇರುತ್ತದೆ. ನಲವತ್ತು ದಿನಗಳ ಕೊನೆಗೆ ಆ ಡಬ್ಬಿಗಳು ಮೇಜಿನ ಮೇಲೆ ಬರಿದಾಗುತ್ತವೆ. ಮಡಿಕೆ ಮುರಿಯದ ಐನೂರರ ನೋಟು, ಬೆವರಿಗೆ ಮೆತ್ತಗಾದ ಹತ್ತರ ನೋಟು, ಮಕ್ಕಳ ಚಿಲ್ಲರೆ, ಎಲ್ಲವೂ ಒಂದೇ ರಾಶಿ. ಎಣಿಸಲು ಕುಳಿತವರಿಗೆ ಮೊತ್ತ ತಿಳಿಯುತ್ತದೆ. ಯಾವುದು ಯಾರದೆಂದು ತಿಳಿಯುವುದಿಲ್ಲ. ಹಣೆಯ ಬೂದಿಯಾದರೋ ಎಂದೋ ತೊಳೆದುಹೋಗಿರುತ್ತದೆ.