ಅಮ್ಮನ ಹಳದಿ ಕಣ್ಣು, ಒಂದು ಲೋಟ ಕಾಫಿ ಮತ್ತು ಎಂಆರ್‌ಸಿಪಿ

"ಪಿತ್ತಕೋಶನೇ ತೆಗೆಸಿ ಆರು ವರ್ಷ ಆಯ್ತು. ಇನ್ನೆಲ್ಲಿಂದ ಬರುತ್ತೆ ಕಲ್ಲು?"

ಅಮ್ಮ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಆಫೀಸ್ ಕ್ಯಾಂಟೀನಿನಲ್ಲಿ ಮೊಸರನ್ನ ಕಲಸುತ್ತಾ ಕೂತಿದ್ದೆ. ಅವಳ ಲೆಕ್ಕ ನನಗೂ ಸರಿ ಅನ್ನಿಸ್ತು. ಒಂದು ವಾರದಿಂದ ಹೊಟ್ಟೆಯ ಬಲಗಡೆ ಮೇಲ್ಭಾಗದಲ್ಲಿ ನೋವು, ಊಟ ಸೇರ್ತಿಲ್ಲ, ಮೈಯೆಲ್ಲ ಕಡಿತ ಅಂತಿದ್ದಳು. "ಗ್ಯಾಸ್ಟ್ರಿಕ್ ಇರಬೇಕು" ಅಂತ ಅವಳೂ ಅಂದಳು, ನಾನೂ ಅಂದೆ. ದಿನಾ ವಿಡಿಯೋ ಕಾಲ್ ಮಾಡ್ತಿದ್ದೆ. ಆದರೆ ರಾತ್ರಿ ಟ್ಯೂಬ್‌ಲೈಟಿನ ಬೆಳಕಲ್ಲಿ, ಫೋನಿನ ಕ್ಯಾಮೆರಾದಲ್ಲಿ ಕಣ್ಣಿನ ಹಳದಿ ಗೊತ್ತಾಗಲ್ಲ. ಶನಿವಾರ ತಿಪಟೂರಿಗೆ ಹೋಗಿ, ಬೆಳಗ್ಗೆ ಅಂಗಳದ ಬಿಸಿಲಲ್ಲಿ ಅವಳ ಮುಖ ನೋಡಿದಾಗ ಎದೆ ಧಸಕ್ಕೆಂದಿತು. ಕಣ್ಣು ಅರಿಶಿನ ಹಚ್ಚಿದಂತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯವರ ಮಾತು ಕೇಳಿ ನಾಲ್ಕು ದಿನ ಕಾಮಾಲೆಗೆ ನಾಟಿ ಔಷಧಿ, ಪಥ್ಯ ಎಲ್ಲಾ ನಡೆದಿತ್ತು. ಯಾರನ್ನೂ ದೂರಲ್ಲ. ಆದರೆ ಒಂದು ವಿಷಯ ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾಮಾಲೆ ಅನ್ನೋದು ಒಂದೇ ಕಾಯಿಲೆ ಅಲ್ಲ. ವೈರಸ್‌ನಿಂದ ಬರುವ ಕಾಮಾಲೆ ಬಹಳ ಸಲ ತಾನಾಗೇ ಇಳಿಯುತ್ತೆ, ಹೆಸರು ಮಾತ್ರ ಸೊಪ್ಪಿನ ರಸಕ್ಕೆ ಬರುತ್ತೆ. ಪಿತ್ತನಾಳ ಕಟ್ಟಿಕೊಂಡು ಬರುವ ಕಾಮಾಲೆ ಹಾಗಲ್ಲ. ಅದು ಪೈಪಿನಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಮೂತ್ರ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ತಿರುಗೋದು, ಮಲ ಬೂದಿಯಂತೆ ಬಿಳಿಚಿಕೊಳ್ಳೋದು, ಮೈ ಕಡಿತ ಇದ್ದರೆ ಆ ಕಡೆ ಅನುಮಾನ ಪಡಬೇಕು. ಜೊತೆಗೆ ಚಳಿ ಜ್ವರ ಬಂದರೆ ನಾಳೆ ನೋಡೋಣ ಅನ್ನಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ನಾಳದಲ್ಲಿ ಸೋಂಕಾಗಿ ರಕ್ತಕ್ಕೆ ಹರಡಿದರೆ ಜೀವಕ್ಕೇ ಅಪಾಯ.

ಕಲ್ಲು ಎಲ್ಲಿಂದ ಬಂತು?

ಲಿವರ್ ದಿನಕ್ಕೆ ಹೆಚ್ಚುಕಮ್ಮಿ ಅರ್ಧದಿಂದ ಒಂದು ಲೀಟರ್ ಪಿತ್ತರಸ ತಯಾರಿಸುತ್ತೆ. ಅದು ಸಣ್ಣ ಸಣ್ಣ ನಾಳಗಳಲ್ಲಿ ಹರಿದು, ಮುಖ್ಯ ಪಿತ್ತನಾಳ ಸೇರಿ ಸಣ್ಣ ಕರುಳಿಗೆ ಬೀಳುತ್ತೆ. ಪಿತ್ತಕೋಶ ಅದನ್ನು ಕೂಡಿಡುವ ಚೀಲ, ಅಷ್ಟೇ. ಚೀಲ ತೆಗೆದರೂ ನಾಳ ಇರುತ್ತೆ. ಆಪರೇಷನ್ ಸಮಯದಲ್ಲಿ ನಾಳಕ್ಕೆ ಜಾರಿದ ಕಲ್ಲು ಅಲ್ಲೇ ಉಳಿದಿರಬಹುದು, ಇಲ್ಲವೇ ವರ್ಷಗಳ ನಂತರ ಅಲ್ಲೇ ಹೊಸದಾಗಿ ಹುಟ್ಟಬಹುದು. ಅಮ್ಮನ ಪ್ರಶ್ನೆಗೆ ಉತ್ತರ ಇದೇ.

ಅಲ್ಟ್ರಾಸೌಂಡ್‌ನಲ್ಲಿ ಅವಳ ಪಿತ್ತನಾಳ 11 ಮಿ.ಮೀ. ಅಗಲ ಆಗಿತ್ತು. ಸಾಮಾನ್ಯವಾಗಿ ಸುಮಾರು 6 ಮಿ.ಮೀ. ಇರುತ್ತೆ. ಪಿತ್ತಕೋಶ ತೆಗೆಸಿದವರಲ್ಲಿ, ವಯಸ್ಸಾದವರಲ್ಲಿ ಸ್ವಲ್ಪ ಜಾಸ್ತಿ. ಆದರೆ ನಾಳದ ಕೆಳತುದಿ ಕಾಣಲಿಲ್ಲ. ಕರುಳಿನ ಗಾಳಿ ಅಡ್ಡ ಬಂದರೆ ಅಲ್ಟ್ರಾಸೌಂಡ್‌ಗೆ ಆ ಜಾಗ ಕಾಣಲ್ಲ. ಡಾಕ್ಟರ್ ಚೀಟಿಯಲ್ಲಿ ಬರೆದರು: ಎಂಆರ್‌ಸಿಪಿ.

ಬಿಳಿ ದಾರ, ಕರಿ ಚುಕ್ಕಿ

ಪೂರ್ತಿ ಹೆಸರು ಮ್ಯಾಗ್ನೆಟಿಕ್ ರೆಸೊನೆನ್ಸ್ ಕೊಲಾಂಜಿಯೋಪ್ಯಾಂಕ್ರಿಯಾಟೋಗ್ರಫಿ. ಹೆಸರು ಕೇಳಿ ಹೆದರಬೇಡಿ. ಅದೇ ಎಂಆರ್‌ಐ ಯಂತ್ರ. ಸೆಟ್ಟಿಂಗ್ ಮಾತ್ರ ಬೇರೆ. ದೇಹದಲ್ಲಿ ನಿಂತ ಅಥವಾ ನಿಧಾನ ಹರಿಯುವ ದ್ರವ ಬೆಳ್ಳಗೆ ಹೊಳೆಯುವಂತೆ, ಉಳಿದದ್ದೆಲ್ಲ ಕಪ್ಪಾಗುವಂತೆ ಚಿತ್ರ ತೆಗೀತಾರೆ. ಪಿತ್ತರಸ ದ್ರವ ತಾನೇ? ಹಾಗಾಗಿ ಪಿತ್ತನಾಳ, ಮೇದೋಜ್ಜೀರಕ ಗ್ರಂಥಿಯ ನಾಳ ಎರಡೂ ಬಿಳಿ ದಾರದ ಹಾಗೆ ಕಾಣುತ್ತವೆ. ಕಲ್ಲಿದ್ದರೆ ದಾರದ ನಡುವೆ ಕರಿ ಚುಕ್ಕಿ. ಬರೀ ನಾಳ ನೋಡೋದಕ್ಕೆ ಇಂಜೆಕ್ಷನ್ ಬೇಕಿಲ್ಲ, ಎಕ್ಸ್‌ರೇ ವಿಕಿರಣವೂ ಇಲ್ಲ. ಗಡ್ಡೆಯ ಅನುಮಾನ ಇದ್ದರೆ ಮಾತ್ರ ಸಾಮಾನ್ಯವಾಗಿ ಹೊಟ್ಟೆಯ ಪೂರ್ತಿ ಎಂಆರ್‌ಐ ಜೊತೆ ಕಾಂಟ್ರಾಸ್ಟ್ ಔಷಧಿ ಕೊಡ್ತಾರೆ. ಕಿಡ್ನಿ ತೊಂದರೆ ಇದ್ದವರು, ಗರ್ಭಿಣಿಯರು ಆಗ ಮೊದಲೇ ಹೇಳಲೇಬೇಕು.

ಈ ವಿಧಾನ ಬಂದಿದ್ದು 1991ರಲ್ಲಿ. ಅದಕ್ಕೂ ಮುಂಚೆ ಈ ನಾಳಗಳನ್ನು ಸ್ಪಷ್ಟವಾಗಿ ನೋಡಬೇಕಂದ್ರೆ ಮುಖ್ಯ ದಾರಿ ಇಆರ್‌ಸಿಪಿ. ಮತ್ತು ಬರುವಂತೆ ಮಾಡಿ, ಬಾಯಿಂದ ಕರುಳಿನವರೆಗೆ ಕೊಳವೆ ಇಳಿಸಿ, ನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡೋದು. ಅದರಲ್ಲಿ ಕಲ್ಲನ್ನು ತೆಗೆಯಲೂಬಹುದು, ಅದು ದೊಡ್ಡ ಅನುಕೂಲ. ಆದರೆ ನೂರರಲ್ಲಿ ಕೆಲವರಿಗೆ ಅದರಿಂದಲೇ ಮೇದೋಜ್ಜೀರಕ ಗ್ರಂಥಿ ಊದಿಕೊಳ್ಳುತ್ತೆ. ಹಾಗಾಗಿ ಕಲ್ಲು ಇದೆಯೋ ಇಲ್ಲವೋ ಅನುಮಾನ ಇದ್ದಾಗ ಮೊದಲು ಎಂಆರ್‌ಸಿಪಿ. ಎಷ್ಟೋ ಸಲ ಕಲ್ಲು ತಾನಾಗೇ ಕರುಳಿಗೆ ಜಾರಿಹೋಗಿರುತ್ತೆ. ಆಗ ಕೊಳವೆ ಇಳಿಸೋದೇ ತಪ್ಪುತ್ತೆ.

ಒಂದು ನೆನಪಿಡಿ: ಎಂಆರ್‌ಸಿಪಿ ನೋಡುತ್ತೆ, ತೆಗೆಯಲ್ಲ. ನನ್ನ ಚಿಕ್ಕಪ್ಪ "ಸ್ಕ್ಯಾನಲ್ಲೇ ಕಲ್ಲು ಕರಗಿಸ್ತಾರಂತೆ" ಅಂದುಕೊಂಡಿದ್ದರು. ಇಲ್ಲ.

ಒಂದ್ ಲೋಟ ಕಾಫಿ ಅಷ್ಟೇ

ಭಾನುವಾರ ಬೆಂಗಳೂರಿಗೆ ಕರ್ಕೊಂಡು ಬಂದೆ. ಸೋಮವಾರ ಬೆಳಗ್ಗೆ 9ಕ್ಕೆ ಸ್ಕ್ಯಾನ್. ಟೆಕ್ನಿಷಿಯನ್ ಕೇಳಿದ್ರು, "ಅಮ್ಮಾ, ಏನೂ ತಿಂದಿಲ್ಲ ಅಲ್ವಾ?"

"ಇಲ್ಲಪ್ಪ. ಒಂದ್ ಲೋಟ ಕಾಫಿ ಅಷ್ಟೇ."

ಸ್ಕ್ಯಾನ್ ಮಧ್ಯಾಹ್ನಕ್ಕೆ ಹೋಯ್ತು. ನನಗೆ ಸಿಟ್ಟು ಬಂತು, ಆಮೇಲೆ ನಾಚಿಕೆಯಾಯ್ತು. ಅವಳಿಗೆ ಉಪವಾಸ ಅಂದ್ರೆ ಊಟ ಬಿಡೋದು, ಕಾಫಿ ಬಿಡೋದಲ್ಲ. ಬಿಡಿಸಿ ಹೇಳಬೇಕಾದ್ದು ನಾನು. ಸಾಮಾನ್ಯವಾಗಿ 4ರಿಂದ 6 ಗಂಟೆ ಖಾಲಿ ಹೊಟ್ಟೆ ಕೇಳ್ತಾರೆ. ಕಾರಣ ಸರಳ. ದ್ರವವೆಲ್ಲ ಬೆಳ್ಳಗೆ ಕಾಣುತ್ತೆ ಅಂದೆನಲ್ಲ, ಹೊಟ್ಟೆಯಲ್ಲಿರುವ ಕಾಫಿಯೂ ಕಾಣುತ್ತೆ, ನಾಳವನ್ನು ಮರೆಮಾಡುತ್ತೆ. ಕೆಲವು ಕಡೆ ಸ್ಕ್ಯಾನ್‌ಗೆ ಮುಂಚೆ ಅವರೇ ಅನಾನಸ್ ರಸ ಕುಡಿಸ್ತಾರೆ. ಅದರಲ್ಲಿರುವ ಮ್ಯಾಂಗನೀಸ್ ಹೊಟ್ಟೆಯ ದ್ರವದ ಹೊಳಪನ್ನು ಕಡಿಮೆ ಮಾಡುತ್ತೆ. ನೀವಾಗೇ ಕುಡಿಸಬೇಡಿ, ಅವರು ಹೇಳಿದರೆ ಮಾತ್ರ. ಸಕ್ಕರೆ ಕಾಯಿಲೆ ಇದ್ದರೆ ಅವತ್ತಿನ ಮಾತ್ರೆ, ಇನ್ಸುಲಿನ್ ಏನು ಮಾಡಬೇಕು ಅಂತ ಹಿಂದಿನ ದಿನವೇ ಡಾಕ್ಟರನ್ನು ಕೇಳಿ.

ಮಾಂಗಲ್ಯ, ಕಾಲುಂಗುರ, ಕ್ಲಿಪ್

ನಮ್ಮಲ್ಲಿನ ಬಹುತೇಕ ಯಂತ್ರಗಳು 1.5 ಅಥವಾ 3 ಟೆಸ್ಲಾ. 1.5 ಟೆಸ್ಲಾ ಅಂದ್ರೆ ಭೂಮಿಯ ಆಯಸ್ಕಾಂತ ಶಕ್ತಿಯ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಆ ಆಯಸ್ಕಾಂತ ಆನ್ ಇರುತ್ತೆ. ಹಾಗಾಗಿ ಒಳಗೆ ಕಾಲಿಡುವ ಮುಂಚೆಯೇ ಎಲ್ಲಾ ಲೋಹ ತೆಗೀಬೇಕು, ಜೊತೆಗೆ ಹೋಗೋ ನೀವೂ ಸಹ. ಬಳೆ, ಓಲೆ, ಮೂಗುತಿ, ಹೇರ್‌ಪಿನ್, ಸರಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್, ಗಂಡಸರಾದರೆ ಬೆಳ್ಳಿ ಉಡಿದಾರ, ವಾಚು, ಎಟಿಎಂ ಕಾರ್ಡು, ಮೊಬೈಲು.

ಅಮ್ಮನ ಕಾಲುಂಗುರ ಮೂವತ್ತು ವರ್ಷದಿಂದ ಬಿಚ್ಚಿರಲಿಲ್ಲ. ಆಸ್ಪತ್ರೆಯ ಬಾತ್‌ರೂಮಿನಲ್ಲಿ ಸೋಪು ಹಾಕಿ ಬಿಡಿಸಿದ್ವಿ. ಮಾಂಗಲ್ಯ ತೆಗಿ ಅಂದಾಗ ಅವಳ ಮುಖ ಚಿಕ್ಕದಾಯ್ತು. ಆಮೇಲೆ ಅವಳೇ ಬ್ಯಾಗಿನಿಂದ ಅರಿಶಿನ ಕೊಂಬು ಕಟ್ಟಿದ ದಾರ ತೆಗೆದು ಹಾಕ್ಕೊಂಡಳು. ಹಿಂದಿನ ಆಪರೇಷನ್‌ಗೂ ಹಾಗೇ ಮಾಡಿದ್ದಳಂತೆ. ಇಂಥದ್ದನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋದರೆ ಅಲ್ಲಿ ಗಡಿಬಿಡಿ ಇರಲ್ಲ.

ಮೈಯೊಳಗಿನ ಲೋಹದ ವಿಷಯ ಇನ್ನೂ ಮುಖ್ಯ. ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಇಂಪ್ಲಾಂಟ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಸಿಡಿದ ಲೋಹದ ಚೂರು ಇದ್ದರೆ ಬುಕ್ ಮಾಡುವಾಗಲೇ ಹೇಳಬೇಕು. ಕೆಲವು ಪೇಸ್‌ಮೇಕರ್‌ಗಳಿಗೆ ಎಂಆರ್‌ಐ ಆಗುತ್ತೆ, ಕೆಲವಕ್ಕೆ ಆಗಲ್ಲ. ಕಾರ್ಡ್ ನೋಡಿ ಅವರು ತೀರ್ಮಾನ ಮಾಡ್ತಾರೆ. ಅಮ್ಮನ ಪಿತ್ತಕೋಶದ ಆಪರೇಷನ್‌ನಲ್ಲಿ ಹಾಕಿದ್ದ ಸಣ್ಣ ಕ್ಲಿಪ್‌ಗಳು ಸಾಮಾನ್ಯವಾಗಿ ಟೈಟಾನಿಯಮ್, ತೊಂದರೆಯಿಲ್ಲ. ಆದರೆ ಅದನ್ನು ಖಚಿತ ಮಾಡೋಕೆ ಹಳೇ ಡಿಸ್ಚಾರ್ಜ್ ಸಮ್ಮರಿ ಕೇಳಿದ್ರು. ಅದು ತಿಪಟೂರಿನ ಬೀರುವಿನಲ್ಲಿತ್ತು! ಅಪ್ಪ ಹುಡುಕಿ ಫೋಟೋ ಕಳಿಸೋ ಹೊತ್ತಿಗೆ ಮುಕ್ಕಾಲು ಗಂಟೆ ಹೋಯ್ತು.

ಒಳಗೆ ಏನಾಗುತ್ತೆ?

ಮಲಗಿಸಿ ಹೊಟ್ಟೆಯ ಮೇಲೊಂದು ಪ್ಯಾಡ್ ಇಡ್ತಾರೆ. ಕಿವಿಗೆ ಹೆಡ್‌ಫೋನ್, ಕೈಗೊಂದು ಒತ್ತುವ ಬಲ್ಬ್. ಭಯವಾದರೆ ಒತ್ತಿದರೆ ಸಾಕು, ಹೊರಗೆ ತೆಗೀತಾರೆ. ಯಂತ್ರ ಡಬಡಬ ಅಂತ ಸದ್ದು ಮಾಡುತ್ತೆ, ಅದು ಕೆಟ್ಟಿದ್ದಲ್ಲ. ನಡುನಡುವೆ "ಉಸಿರು ಬಿಡಿ, ಹಿಡಿದುಕೊಳ್ಳಿ" ಅಂತಾರೆ, ಹದಿನೈದು ಇಪ್ಪತ್ತು ಸೆಕೆಂಡ್. ಉಸಿರಾಡಿದರೆ ಚಿತ್ರ ಮಸುಕಾಗುತ್ತೆ. ಕಾಯುವಾಗ ನಾನೂ ಅಮ್ಮನೂ ಕುರ್ಚಿಯಲ್ಲೇ ನಾಲ್ಕೈದು ಸಲ ಅಭ್ಯಾಸ ಮಾಡಿದ್ವಿ. ಉಸಿರು ಹಿಡಿಯೋಕೆ ಆಗದವರಿಗೆ ಉಸಿರಿನ ತಾಳಕ್ಕೆ ಸರಿಯಾಗಿ ಚಿತ್ರ ತೆಗೆಯುವ ದಾರಿಯೂ ಇದೆ, ಕೇಳಿ. ಇಕ್ಕಟ್ಟಿನ ಜಾಗ ಅಂದ್ರೆ ಭಯ ಇರೋರು ಮೊದಲೇ ಹೇಳಿದರೆ ಡಾಕ್ಟರ್ ಅಗತ್ಯವಿದ್ದರೆ ಔಷಧಿ ಕೊಡ್ತಾರೆ. ಒಟ್ಟು ಅರ್ಧ ಮುಕ್ಕಾಲು ಗಂಟೆ.

ರಾತ್ರಿ ಬಂದ ಲಿಂಕ್

ರಿಪೋರ್ಟ್ ಲಿಂಕ್ ಮೊಬೈಲಿಗೆ ಬಂದಿದ್ದು ರಾತ್ರಿ ಹತ್ತಕ್ಕೆ. "ಫಿಲ್ಲಿಂಗ್ ಡಿಫೆಕ್ಟ್" ಅಂತಿತ್ತು. ನಾನು ಮಾಡಬಾರದ್ದನ್ನೇ ಮಾಡಿದೆ, ಗೂಗಲ್ ಮಾಡಿದೆ. ಒಂದು ಗಂಟೆಯವರೆಗೆ ಕ್ಯಾನ್ಸರ್ ಬಗ್ಗೆ ಓದುತ್ತಾ ಬಾತ್‌ರೂಮಿನಲ್ಲಿ ಕೂತು ಅತ್ತೆ, ಅಮ್ಮನಿಗೆ ಕೇಳಿಸಬಾರದು ಅಂತ.

ಬೆಳಗ್ಗೆ ಡಾಕ್ಟರ್ ಬಿಡಿಸಿ ಹೇಳಿದ್ರು. ಫಿಲ್ಲಿಂಗ್ ಡಿಫೆಕ್ಟ್ ಅಂದ್ರೆ ಪಿತ್ತರಸ ತುಂಬಬೇಕಾದ ಜಾಗದಲ್ಲಿ ಬೇರೇನೋ ಕೂತಿದೆ ಅಂತ. ಬಹಳ ಸಲ ಅದು ಕಲ್ಲು, ಕೆಲವೊಮ್ಮೆ ಗಾಳಿ ಗುಳ್ಳೆ, ಅಪರೂಪಕ್ಕೆ ಗಡ್ಡೆ. ಸಿಬಿಡಿ ಅಂದ್ರೆ ಮುಖ್ಯ ಪಿತ್ತನಾಳ. ಡೈಲೇಟೆಡ್ ಅಂದ್ರೆ ಅಗಲ ಆಗಿದೆ. ಸ್ಟ್ರಿಕ್ಚರ್ ಅಂದ್ರೆ ಒಂದು ಕಡೆ ಕಿರಿದಾಗಿದೆ. ಇದಕ್ಕೆ ಹಳೇ ಆಪರೇಷನ್‌ನ ಗಾಯದಿಂದ ಹಿಡಿದು ಗಡ್ಡೆಯವರೆಗೆ ಹಲವು ಕಾರಣಗಳಿವೆ, ಹೆಚ್ಚಿನ ಪರೀಕ್ಷೆ ಬೇಕಾಗುತ್ತೆ. ಅಮ್ಮನಿಗೆ ಇದ್ದಿದ್ದು ನಾಳದ ಕೆಳತುದಿಯಲ್ಲಿ ಎರಡು ಕಲ್ಲು, ದೊಡ್ಡದು 7 ಮಿ.ಮೀ.

ಇನ್ನೊಂದು ಮಾತು. ಎಂಆರ್‌ಸಿಪಿ ನಾರ್ಮಲ್ ಬಂದರೂ ಕಥೆ ಮುಗೀತು ಅಂತಲ್ಲ. 5 ಮಿ.ಮೀ.ಗಿಂತ ಸಣ್ಣ ಕಲ್ಲು ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತೆ. ನೋವು, ಕಾಮಾಲೆ ಹಾಗೇ ಇದ್ದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅಂತ ಇನ್ನೊಂದು ದಾರಿ ಇದೆ.

ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆ

ಚೀಟಿ ಕೈಗೆ ಬಂದಾಗ ಸಂಕೋಚ ಬಿಟ್ಟು ಕೇಳಿ: "ಡಾಕ್ಟ್ರೇ, ಇದರಲ್ಲಿ ಕಲ್ಲು ಕಂಡ್ರೆ ಮುಂದೇನು, ಕಾಣದಿದ್ರೆ ಮುಂದೇನು?" ಎರಡಕ್ಕೂ ಬೇರೆ ಬೇರೆ ಉತ್ತರ ಇದ್ದರೆ ಸ್ಕ್ಯಾನ್‌ಗೆ ಅರ್ಥ ಇದೆ. ಅಲ್ಟ್ರಾಸೌಂಡ್‌ನಲ್ಲೇ ನಾಳದ ಕಲ್ಲು ಕಂಡಿದ್ದರೆ ಅಥವಾ ಜ್ವರದ ಜೊತೆ ಕಾಮಾಲೆ ಇದ್ದರೆ ಬಹಳ ಸಲ ನೇರ ಇಆರ್‌ಸಿಪಿಗೇ ಹೋಗ್ತಾರೆ. ಅಲ್ಲಿ ಸ್ಕ್ಯಾನ್‌ಗೆ ಕಾಯೋದು ಹೊತ್ತು ಕಳೆದ ಹಾಗೆ. ಚೀಟಿಯಲ್ಲಿ ಬರೀ ಎಂಆರ್‌ಸಿಪಿ ಇದೆಯೋ, ಹೊಟ್ಟೆಯ ಎಂಆರ್‌ಐ ಕೂಡ ಸೇರಿದೆಯೋ ನೋಡಿಕೊಳ್ಳಿ, ಬಿಲ್ ಬೇರೆಯಾಗುತ್ತೆ. ಇನ್ಶೂರೆನ್ಸ್ ಇದ್ದರೆ ಬಿಲ್, ಚೀಟಿ ಎತ್ತಿಡಿ. ಅಡ್ಮಿಟ್ ಆಗುವ ಮುಂಚಿನ 30 ಅಥವಾ 60 ದಿನಗಳ ಪರೀಕ್ಷೆಯ ಖರ್ಚು ಕೊಡುವ ಪಾಲಿಸಿಗಳು ಸಾಕಷ್ಟಿವೆ.

ಅಮ್ಮನಿಗೆ ಬುಧವಾರ ಇಆರ್‌ಸಿಪಿಯಲ್ಲಿ ಎರಡೂ ಕಲ್ಲು ತೆಗೆದರು. ಶುಕ್ರವಾರ ಮನೆಗೆ ಬಂದಳು. ಕಣ್ಣಿನ ಹಳದಿ ಪೂರ್ತಿ ಇಳಿಯೋಕೆ ಎರಡು ವಾರ ಬೇಕಾಯ್ತು. ಈಗ ವಿಡಿಯೋ ಕಾಲ್ ಮಾಡಿದ್ರೆ ಮೊದಲು ಕಿಟಕಿ ಹತ್ತಿರ ಬಾ ಅಂತೀನಿ, ಅವಳು ಬೈತಾಳೆ, ಆದರೂ ಬರ್ತಾಳೆ.

ನೀವೂ ಈ ವಾರ ಊರಿಗೆ ಫೋನ್ ಮಾಡಿದಾಗ ಒಂದು ಕೆಲಸ ಮಾಡಿ. ಅಪ್ಪ ಅಮ್ಮನ ಹಳೇ ಆಪರೇಷನ್ ಕಾಗದ ಎಲ್ಲಿದೆ ಅಂತ ಕೇಳಿ, ಫೋಟೋ ತರಿಸಿ ನಿಮ್ಮ ಫೋನಿನಲ್ಲಿ ಇಟ್ಕೊಳ್ಳಿ. ಐದು ನಿಮಿಷದ ಕೆಲಸ ಅಷ್ಟೇ.